ಗಾಂಜೋ ಕಣ್ಣರಳಿಸಿದ ಮೇಲೆ: ಗೊಂಬೆ ಪಾತ್ರ ಬೆಳೆಯುವ ಬಗೆ

ಸರಣಿಯಲ್ಲಿ ಪಾತ್ರ ಹೇಗೆ ಬೆಳೆಯಿತು ಅಂತ ಕೇಳಿದರೆ ನಾವು ನೇರ ಕಥೆಗೆ ಕೈ ಹಾಕುತ್ತೇವೆ. ಗೊಂಬೆಯಾದರೆ ಮೊದಲು ಅದರ ರೆಪ್ಪೆ ನೋಡಿ. ತಮಾಷೆಯಲ್ಲ, ನಿಜವಾಗಿ ಹೇಳುತ್ತಿದ್ದೇನೆ.

‘ದ ಮಪೆಟ್ ಶೋ’ದ ಗಾಂಜೋನನ್ನೇ ತೆಗೆದುಕೊಳ್ಳೋಣ. ಅಮೆರಿಕದ ಗೊಂಬೆಯಾಟಗಾರ ಜಿಮ್ ಹೆನ್ಸನ್ ತಂಡದ ಈ ಟಿವಿ ಹಾಸ್ಯ ಸರಣಿ 1976ರಿಂದ 1981ರವರೆಗೆ ಬಂತು. ಐದು ಸೀಸನ್, 120 ಸಂಚಿಕೆ. ಗಾಂಜೋಗೆ ನೀಲಿ ಮೈ, ಕೊಕ್ಕೆಯಂಥ ಮೂಗು. ಯಾವ ಪ್ರಾಣಿ ಅಂತ ಹೇಳೋಕಾಗಲ್ಲ. ಅವನನ್ನು ಆಡಿಸಿದವರು ಡೇವ್ ಗೋಲ್ಜ್. ಅವರು ತಂಡಕ್ಕೆ ಬಂದದ್ದು ಗೊಂಬೆ ಮಾಡುವುದಕ್ಕೆ, ಆಡಿಸಲು ಶುರು ಮಾಡಿದ್ದು ಆಮೇಲೆ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಸೀಸನ್ನಿನಲ್ಲಿ ಗಾಂಜೋ ವೇದಿಕೆ ಮೇಲೆ ರಬ್ಬರ್ ಟೈರ್ ತಿನ್ನುತ್ತಾನೆ. ಅವನ ಮಟ್ಟಿಗೆ ಅದು ದೊಡ್ಡ ಕಲೆ. ಜನಕ್ಕೆ ಅರ್ಥವಾಗುವುದಿಲ್ಲ, ಇವನು ಕುಗ್ಗಿಹೋಗುತ್ತಾನೆ. ಆಗಿನ ಗೊಂಬೆಯ ರೆಪ್ಪೆ ಅರ್ಧ ಇಳಿಬಿದ್ದು ಅಲ್ಲೇ ನಿಂತಿತ್ತು. ಖುಷಿಯ ಮಾತಾಡಿದರೂ ಮುಖ ಮಾತ್ರ ಅಳುಮುಖವೇ. ಹೀಗಿರುವಾಗ ಬರಹಗಾರರು ತಾನೇ ಏನು ಮಾಡುತ್ತಾರೆ? ಮುಖಕ್ಕೆ ಒಪ್ಪುವ ಮಾತನ್ನೇ ಬರೆಯಬೇಕಾಗುತ್ತದೆ, ಅಲ್ವಾ?

ಎರಡನೇ ಸೀಸನ್ನಿಗೆ ಗೋಲ್ಜ್ ಹೊಸ ಗಾಂಜೋನನ್ನು ಮಾಡಿದರು. ಈಗ ರೆಪ್ಪೆ ಮೇಲೇಳುತ್ತಿತ್ತು, ಕಣ್ಣು ಅರಳುತ್ತಿತ್ತು. ಮುಖ್ಯ ಬದಲಾವಣೆ ಇದೇ. ಆದರೆ ಕಣ್ಣರಳಿಸಲು ಬಂದ ಮೇಲೆ ಉತ್ಸಾಹಪಡಲೂ ಬಂತು. ಅಪಾಯ ಕಂಡರೆ ಹಿಗ್ಗುವ ಹುಚ್ಚ ಹೊರಗೆ ಬಂದ.

ಇಲ್ಲೊಂದು ಸೂಕ್ಷ್ಮವಿದೆ. ಗಾಂಜೋನ ಪ್ರದರ್ಶನಗಳು ಮುಂಚೆಯೂ ಎಡವಟ್ಟು, ಆಮೇಲೂ ಎಡವಟ್ಟು. ಬದಲಾದದ್ದು ಅವನು ಅದನ್ನು ತೆಗೆದುಕೊಳ್ಳುವ ರೀತಿ. ಮೊದಲು ಸೋತು ನೊಂದುಕೊಳ್ಳುತ್ತಿದ್ದ, ಆಮೇಲೆ ಸೋಲುವುದರಲ್ಲೇ ಮಜಾ ಕಂಡ. ಹಾಸ್ಯಪಾತ್ರ ಬುದ್ಧಿ ಕಲಿತುಬಿಟ್ಟರೆ ನಗು ಸತ್ತಂತೆ. ಅದಕ್ಕೇ ಅದು ತನ್ನ ಚಟ ಬಿಡದೆ ಬೆಳೆಯಬೇಕು. ನನಗಂತೂ ಹಳೆಯ ಅಳುಬುರುಕ ಗಾಂಜೋ ಮೇಲೂ ಸ್ವಲ್ಪ ಪ್ರೀತಿ ಇದೆ, ಆದರೆ ಅವನನ್ನು ಐದು ಸೀಸನ್ ಸಹಿಸುವುದು ಕಷ್ಟವಿತ್ತು.

ಗೊಂಬೆಯ ಮುಖ ಬದಲಾಗುವುದು ಪಾತ್ರ ಬೆಳೆಯುವ ಒಂದು ದಾರಿ. ಎರಡನೇ ದಾರಿ, ಆಡಿಸುವವರ ಬಾಯಿಗೆ ಆ ಕ್ಷಣದಲ್ಲಿ ಬಂದ ಮಾತು. ಒಮ್ಮೆ ಕೋಳಿಗಳ ಕುಣಿತದ ಆಡಿಷನ್ ನಡೆಯುತ್ತದೆ. ಕುಣಿತ ಕೆಟ್ಟದಾಗಿತ್ತು. ಕಾಲು ಮಾತ್ರ ಚೆನ್ನಾಗಿವೆ ಎಂಬರ್ಥದ ಒಂದು ಮಾತನ್ನು ಗೋಲ್ಜ್ ಗಾಂಜೋ ಬಾಯಲ್ಲಿ ಸುಮ್ನೆ ಸೇರಿಸಿದರು. ಅಲ್ಲಿಂದ ಕೋಳಿಗಳ ಮೇಲಿನ ಮೋಹ ಗಾಂಜೋಗೆ ಅಂಟಿಕೊಂಡಿತು, ಕಮಿಲಾ ಎಂಬ ಕೋಳಿ ಪ್ರೇಯಸಿಯೂ ಆದಳು. ಒಂದು ಮಾತು ಹೀಗೆ ಸ್ವಭಾವವಾಗಬೇಕಾದರೆ ಬರಹಗಾರರು ಅದನ್ನು ಹಿಡಿದಿಟ್ಟು ಮತ್ತೆ ಮತ್ತೆ ಬಳಸಬೇಕು.

ಅದೇ ಸರಣಿಯ ಹಂದಿ ಗೊಂಬೆ ಮಿಸ್ ಪಿಗ್ಗಿಯದೂ ಇದೇ ಕಥೆ. ಶುರುವಿನಲ್ಲಿ ಹಿನ್ನೆಲೆಯ ಹಂದಿಗಳಲ್ಲೊಂದು. ಮೊದಲ ಸೀಸನ್ನಿನಲ್ಲಿ ಫ್ರಾಂಕ್ ಆಜ್, ರಿಚರ್ಡ್ ಹಂಟ್ ಇಬ್ಬರೂ ಆಡಿಸುತ್ತಿದ್ದರು. ಸ್ಕ್ರಿಪ್ಟಿನಲ್ಲಿ ಕೆನ್ನೆಗೆ ಹೊಡೆಯಬೇಕು ಅಂತಿದ್ದ ಕಡೆ ಆಜ್ ಕರಾಟೆ ಏಟು ಕೊಟ್ಟರು. ನಾಜೂಕು ಮಾತು, ಅದರ ಹಿಂದೆಯೇ ಆ ಏಟು! ಪೂರ್ತಿ ಪಾತ್ರ ಅದರಲ್ಲೇ ಸಿಕ್ಕಿಬಿಟ್ಟಿತು.

ಅಭ್ಯಾಸಕ್ಕೆ ಶೀರ್ಷಿಕೆ ದೃಶ್ಯದ ಕೊನೆ ಸಾಕು. ಮೊದಲ ಸೀಸನ್ನಿನಲ್ಲಿ ಗಾಂಜೋ ದೊಡ್ಡ ‘ಓ’ ಅಕ್ಷರವನ್ನು ಜಾಗಟೆಯಂತೆ ಬಡಿಯುತ್ತಾನೆ. ಎರಡನೆಯದರಿಂದ ತುತ್ತೂರಿ ಊದುತ್ತಾನೆ. ಎರಡನ್ನೂ ಸೌಂಡ್ ಆಫ್ ಮಾಡಿ ನೋಡಿ, ಕಣ್ಣು ಎಷ್ಟು ತೆರೆದಿದೆ ಅಂತ ಬರೆದಿಟ್ಟುಕೊಳ್ಳಿ.