ಯೀಸ್ಟ್ ಜೀನಿನ ಮನೆ ವಿಳಾಸ

ಸಿಡಿಸಿ2 ಯಾವ ಜೀನು? ಯಾವ ಯೀಸ್ಟಿನವರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಪೊಂಬೆ ಎಂಬ ಜಾತಿಯ ಯೀಸ್ಟಿನಲ್ಲಿ ಅದು ಕೋಶ ವಿಭಜನೆಗೆ ಚಾಲನೆ ಕೊಡುವ ಕೈನೇಸ್ ಎಂಬ ಕಿಣ್ವದ ಜೀನು. ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲಿ ಅದೇ ಹೆಸರು ಡಿಎನ್‌ಎ ನಕಲು ಮಾಡುವ ಬೇರೊಂದು ಕಿಣ್ವ ಪಾಲಿಮರೇಸ್‌ಗೆ ಅಂಟಿಕೊಂಡಿತ್ತು; ಈಗ ಅದನ್ನು ಪಿಒಎಲ್3 ಎನ್ನುತ್ತಾರೆ. ಆ ಕೈನೇಸ್ ಇಲ್ಲಿ ಸಿಡಿಸಿ28. ಪಾಲ್ ನರ್ಸ್ ಅದನ್ನು ಅಲ್ಲಿ, ಲೀಲ್ಯಾಂಡ್ ಹಾರ್ಟ್‌ವೆಲ್ ಇಲ್ಲಿ ಬೆನ್ನಟ್ಟಿದವರು. 2001ರ ನೊಬೆಲ್ ಪಡೆದ ಮೂವರಲ್ಲಿ ಇಬ್ಬರೂ ಇದ್ದರು.

ಇಂಥ ಹೆಸರಿನ ಗೊಂದಲ ಬಿಡಿಸುವುದು ಜೀನುಗಳ ಡೇಟಾಬೇಸ್. ಅದೆಂದರೆ ಡಿಎನ್‌ಎಯ ಅಕ್ಷರ ತುಂಬಿಟ್ಟ ಉಗ್ರಾಣ ಎಂದುಕೊಂಡವರೇ ಹೆಚ್ಚು. 1996ರಲ್ಲಿ ಎಸ್288ಸಿ ಎಂಬ ಬ್ರೆಡ್ ಯೀಸ್ಟ್ ತಳಿಯ ಸುಮಾರು 1.2 ಕೋಟಿ ಅಕ್ಷರಗಳನ್ನು ಓದಿ ಮುಗಿಸಿದರು. ಅಷ್ಟನ್ನು ಇಡಲು ಒಂದು ಪೆನ್‌ಡ್ರೈವ್ ಧಾರಾಳ ಸಾಕು. ಸ್ಟ್ಯಾನ್‌ಫರ್ಡ್‌ನ ಸ್ಯಾಕರೊಮೈಸಿಸ್ (ಬ್ರೆಡ್ ಯೀಸ್ಟಿನ ಕುಲ) ಜೀನೋಮ್ ಡೇಟಾಬೇಸಿನ ಹೆಚ್ಚುಗಾರಿಕೆ ಬೇರೆ. ಒಂದೊಂದು ಜೀನಿನ ಕರೆಯುವ ಹೆಸರು, ಹಳೆಯ ಅಡ್ಡಹೆಸರು, ವಿಳಾಸ ಮೂರನ್ನೂ ಅದು ಒಂದೇ ಪುಟಕ್ಕೆ ಕಟ್ಟಿಹಾಕುತ್ತದೆ.

ವೈಎಫ್‌ಎಲ್039ಸಿ ಎಂಬ ವಿಳಾಸ ನೋಡಿ. 'ವೈ' ಯೀಸ್ಟ್. 'ಎಫ್' ಆರನೆಯ ಅಕ್ಷರ, ಅಂದರೆ ಹದಿನಾರರಲ್ಲಿ ಆರನೆಯ ವರ್ಣತಂತು. 'ಎಲ್' ಅದರ ಎಡತೋಳು. ಎರಡು ತೋಳುಗಳು ಸೇರುವ ಸೆಂಟ್ರೊಮಿಯರ್‌ನಿಂದ ಹೊರಗೆ ಎಣಿಸುತ್ತ ಹೋದರೆ 39ನೆಯ ಜೀನು. ಕೊನೆಯ 'ಸಿ' ಎಂದರೆ ಡಿಎನ್‌ಎಯ ಎರಡು ಎಳೆಗಳಲ್ಲಿ ಕ್ರಿಕ್ ಎನ್ನುವ ಎಳೆ. ಎದುರಿನದು ವಾಟ್ಸನ್, 'ಡಬ್ಲ್ಯು'. ಎರಡು ಮನೆಗಳ ನಡುವೆ ಆಮೇಲೆ ಇನ್ನೊಂದು ಮನೆ ಪತ್ತೆಯಾದರೆ 12-ಎ ಎಂದು ಬರೆಯುವ ಹಾಗೆ ಇಲ್ಲೂ ಕೊನೆಗೊಂದು 'ಎ' ಸೇರಿಸುತ್ತಾರೆ, ಸಾಲುಮನೆಗಳ ನಂಬರು ಕದಲುವುದಿಲ್ಲ.

ಈ ವಿಳಾಸದಲ್ಲಿರುವುದು ಎಸಿಟಿ1, ಆ್ಯಕ್ಟಿನ್ ಎಂಬ ಪ್ರೋಟೀನಿನ ಜೀನು. ವರ್ಣತಂತುವಿನ ಅಕ್ಷರ ಎಣಿಸಿದರೆ ಅದರ ಶುರು 54,696ರಲ್ಲಿ, ಕೊನೆ 53,260ರಲ್ಲಿ. ಸಂಖ್ಯೆ ಹಿಂದುಮುಂದಾಗಿದೆ ಎಂದು 'ತಿದ್ದಿ'ಕೊಂಡವರ ಪ್ರೈಮರ್ (ಜೀನನ್ನು ನಕಲು ಮಾಡಲು ಬೇಕಾದ ಡಿಎನ್‌ಎ ತುಣುಕು) ಕೆಲಸ ಮಾಡದು: ಕ್ರಿಕ್ ಎಳೆಯ ಜೀನನ್ನು ಬಲದಿಂದ ಎಡಕ್ಕೆ ಓದಬೇಕು, ಜೊತೆಗೆ ಪ್ರತಿ ಅಕ್ಷರಕ್ಕೂ ಅದರ ಜೋಡಿಯನ್ನು ಹಾಕಬೇಕು. ಇನ್ನೊಂದು ಹೊಂಡವೂ ಇಲ್ಲೇ ಇದೆ. ಮೊದಲ ಹತ್ತು ಅಕ್ಷರ ಮುಗಿಯುತ್ತಲೇ 309 ಅಕ್ಷರಗಳ ಇಂಟ್ರಾನ್, ಅಂದರೆ ಪ್ರೋಟೀನು ಮಾಡುವ ಮೊದಲು ಕೋಶ ಕತ್ತರಿಸಿ ಬಿಸಾಡುವ ಭಾಗ. ಡೌನ್‌ಲೋಡ್ ಮಾಡುವಾಗ ಜೀನೋಮಿನ ಅನುಕ್ರಮ ಆರಿಸಿದರೆ ಅದೂ ಬರುತ್ತದೆ. ಅದನ್ನೇ ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಆ್ಯಕ್ಟಿನ್ ಸಿಗದು, ಇಂಟ್ರಾನನ್ನು ಕತ್ತರಿಸಿ ತೆಗೆಯುವ ಯಂತ್ರ ಬ್ಯಾಕ್ಟೀರಿಯಾದಲ್ಲಿಲ್ಲ. ಕೋಡಿಂಗ್ ಅನುಕ್ರಮ (ಪ್ರೋಟೀನಿಗೆ ಬೇಕಾದ ಭಾಗ ಮಾತ್ರ) ಆರಿಸಿದರೆ 1,128 ಅಕ್ಷರ: ಮೂರಕ್ಷರಕ್ಕೊಂದರಂತೆ 375 ಅಮೈನೊ ಆಮ್ಲ, ಒಂದು ಪೂರ್ಣವಿರಾಮ.

ಡೌನ್‌ಲೋಡ್ ಮಾಡಿದ ಜೀನುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದಿರೋ, ಒಸಿಟಿ1 ಎಂಬ ಜೀನು ಅಕ್ಟೋಬರ್ 1 ಆಗಿ ಕೂತಿರುತ್ತದೆ! ಸೇವ್ ಮಾಡಿದ ಮೇಲೆ ಕಾಲಮ್ಮನ್ನು ಪಠ್ಯಕ್ಕೆ ತಿರುಗಿಸಿದರೂ ಹಳೆಯ ಹೆಸರು ಬಾರದು, ದಿನಾಂಕದ ಒಳಸಂಖ್ಯೆ ಬರುತ್ತದೆ. ಇಂಪೋರ್ಟ್ ಮಾಡುವಾಗಲೇ ಕಾಲಮ್ಮನ್ನು ಪಠ್ಯ ಎಂದು ಗುರುತಿಸಿ. ಇಲ್ಲವೇ ಅದರ ವಿಳಾಸ ವೈಕೆಎಲ್134ಸಿ ಎಂದೇ ಬರೆಯಿರಿ. ಅದನ್ನು ಯಾವ ಪಂಚಾಂಗವೂ ನುಂಗದು.

ಡೇಟಾಬೇಸಿನ ಪುಟದಲ್ಲಿ ಜೀನಿನ ಕೆಲಸವನ್ನು ಹೇಳುವ ಸಾಲಿನ ಪಕ್ಕ, ಅದಕ್ಕೆ ಏನು ಪುರಾವೆ ಎಂದು ಹೇಳುವ ಮೂರಕ್ಷರವನ್ನು ಮಾತ್ರ ಬಿಟ್ಟು ಓದಬೇಡಿ. ಐಡಿಎ ಇದ್ದರೆ ನೇರ ಪ್ರಯೋಗ ನಡೆದಿದೆ, ಐಎಂಪಿ ಇದ್ದರೆ ಜೀನು ಕೆಡಿಸಿ ಪರಿಣಾಮ ನೋಡಿದ್ದಾರೆ. ಐಇಎ ಎಂದಿದ್ದರೆ ಅದು ಗಣಕದ ಊಹೆ.