ಒನಕೆಯನ್ನು ಕಂಡ ಕಣ್ಣು

ಚಿತ್ರದುರ್ಗದ ಕೋಟೆಗೆ ಹೋದವರು ಓಬವ್ವನ ಕಿಂಡಿ ನೋಡದೆ ಬರುವುದಿಲ್ಲ. ಬಂಡೆಗಳ ನಡುವೆ ಒಬ್ಬರು ಮಾತ್ರ ತೂರಬಹುದಾದ ಸಂದು ಅದು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರು ತರಲು ಹೋಗಿದ್ದಳು, ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡು ಒನಕೆ ಹಿಡಿದಳು. ಕಥೆ ನಮಗೆಲ್ಲ ಗೊತ್ತು. ಅವಳ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅವಳ ನೋಟವೂ ಅಷ್ಟೇ ದೊಡ್ಡದು ಅನಿಸುತ್ತದೆ. ಭತ್ತ ಕುಟ್ಟುವ ಒನಕೆ ಆ ಗಳಿಗೆಯಲ್ಲಿ ಅವಳಿಗೆ ಆಯುಧವಾಗಿ ಕಂಡಿತಲ್ಲ!

ಇದು ಸುಲಭ ಅಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಕಾರ್ಲ್ ಡಂಕರ್ ಒಂದು ಒಗಟು ಕೊಡುತ್ತಿದ್ದರು. ಮೋಂಬತ್ತಿ, ಬೆಂಕಿಕಡ್ಡಿ, ಡಬ್ಬಿ ತುಂಬ ಪಿನ್ನು. ಮೋಂಬತ್ತಿಯನ್ನು ಬಾಗಿಲ ಮೇಲೆ ನಿಲ್ಲಿಸಬೇಕು. ಡಬ್ಬಿ ಖಾಲಿ ಮಾಡಿ, ಅದನ್ನೇ ಬಾಗಿಲಿಗೆ ಚುಚ್ಚಿ, ಮೇಲೆ ಮೋಂಬತ್ತಿ ಇಟ್ಟರೆ ಮುಗಿಯಿತು. ಆದರೆ ಡಬ್ಬಿಯಲ್ಲಿ ಪಿನ್ನು ತುಂಬಿದ್ದಾಗ ತುಂಬಾ ಜನಕ್ಕೆ ಇದು ಹೊಳೆಯಲಿಲ್ಲ. ಅದೇ ಡಬ್ಬಿ ಖಾಲಿ ಇಟ್ಟಾಗ ಹೊಳೆಯಿತು. ಪಿನ್ನು ಇರುವಷ್ಟು ಹೊತ್ತು ಅದು ಪಿನ್ನಿನ ಡಬ್ಬಿ ಮಾತ್ರ! 2000ದಲ್ಲಿ ಮಕ್ಕಳ ಮೇಲೆ ಇಂಥದ್ದೇ ಪ್ರಯೋಗ ನಡೆಯಿತು. ಆರು ಏಳು ವರ್ಷದವರು ದೊಡ್ಡವರ ಹಾಗೇ ತಡವರಿಸಿದರು. ಐದು ವರ್ಷದವರಿಗೆ ಆ ತೊಡಕೇ ಇರಲಿಲ್ಲ. ಯಾವುದು ಯಾತಕ್ಕೆ ಅಂತ ಕಲಿಯುತ್ತಾ ಕಲಿಯುತ್ತಾ ಕಣ್ಣು ಕಟ್ಟಿಕೊಳ್ಳುತ್ತದೆ.

ಡಿಸೈನ್ ಥಿಂಕಿಂಗ್, ಅಂದರೆ ಬಳಸುವವರ ಕಷ್ಟವನ್ನು ಹತ್ತಿರದಿಂದ ನೋಡಿ ಪರಿಹಾರ ಹುಡುಕುವ ಬಗೆ, ಅನ್ನುವವರು ಮೊದಲು ಬಿಚ್ಚಲು ಹೇಳುವುದು ಈ ಕಟ್ಟನ್ನೇ. ವಸ್ತುವಿನ ವಿಷಯದಲ್ಲಷ್ಟೇ ಅಲ್ಲ, ಪ್ರಶ್ನೆಯ ವಿಷಯದಲ್ಲೂ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗಾಗಿ ಅಗ್ಗದ ಇನ್‌ಕ್ಯುಬೇಟರ್ (ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ) ಮಾಡಿ ಅಂತ ಕೆಲಸ ಕೊಟ್ಟರು. ಅವರಲ್ಲೊಬ್ಬರು ನೇಪಾಳಕ್ಕೆ ಹೋಗಿ ನೋಡಿದರೆ, ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳು ಖಾಲಿ! ಮಕ್ಕಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಪ್ರಶ್ನೆಯೇ ಬದಲಾಯಿತು. ಕರೆಂಟು ಇಲ್ಲದ ಮನೆಯಲ್ಲಿ ಕೂಸನ್ನು ಬೆಚ್ಚಗೆ ಇಡುವುದು ಹೇಗೆ? ಕೊನೆಗೆ ಮಾಡಿದ್ದು ಚಿಕ್ಕದೊಂದು ಮಲಗುವ ಚೀಲ. ಒಳಗೆ ಮೇಣದಂಥ ವಸ್ತುವಿನ ಪೊಟ್ಟಣ. ಕರಗಿದ ಮೇಣ ಗಟ್ಟಿಯಾಗುವಾಗ ಅದರ ಉಷ್ಣತೆ ಇಳಿಯುವುದಿಲ್ಲ, ಒಳಗಿನ ಶಾಖವನ್ನು ನಿಧಾನಕ್ಕೆ ಬಿಡುತ್ತದೆ. ಹಾಗಾಗಿ ಕೆಲವು ಗಂಟೆ ಸುಮಾರು 37 ಡಿಗ್ರಿಯಲ್ಲೇ ನಿಲ್ಲುತ್ತದೆ.

ಡಿಪ್ಲೊಮಾ ಓದುವಾಗ ನಾವು ಮಾಡಿದ್ದು ಇದರ ಉಲ್ಟಾ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಅಂತ ಮೋಟರ್ ಇರುವ ಜರಡಿ ಮಾಡಿದೆವು. ಕಾದ ಮರಳಲ್ಲಿ ಅಕ್ಕಿ ಅರಳಿದ ಮೇಲೆ ಮರಳು ಬೇರೆ, ಮಂಡಕ್ಕಿ ಬೇರೆ ಮಾಡಲು. ಒಂದು ಭಟ್ಟಿಯನ್ನೂ ನೋಡದೆ ಮೂರು ತಿಂಗಳು ದುಡಿದಿದ್ದೆವು. ಒಯ್ದು ಇಳಿಸಿದರೆ, ಅದನ್ನು ಇಡಲು ಒಳಗೆ ಜಾಗವೇ ಇರಲಿಲ್ಲ.

‘ಜರಡಿ ಹಿಡಿಯೋದೇನು ದೊಡ್ಡದಲ್ಲ ತಮ್ಮಾ, ಈ ಹೊಗಿ ಕಣ್ಣು ತಿಂತೈತಿ’ ಅಂದರು ಅಲ್ಲಿದ್ದ ಹಿರಿಯರು. ಉರಿಗೆ ಹಳೇ ಟೈರ್ ಹಾಕುತ್ತಿದ್ದರು.

ಮರುವಾರ ಬರಿಗೈಯಲ್ಲಿ ಹೋಗಿ ನಸುಕಿನಿಂದ ಸುಮ್ನೆ ಕೂತೆವು. ಅರ್ಧ ಗಂಟೆಗೇ ನಮ್ಮ ಕಣ್ಣೂ ಉರಿಯಿತು. ಗೋಡೆಯಲ್ಲಿ ಗಿಡ್ಡ ಚಿಮಣಿ ಇತ್ತು, ಆದರೂ ಹೊಗೆ ಒಳಗೇ ತಿರುಗುತ್ತಿತ್ತು. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಬಿಸಿ ಗಾಳಿಯ ಕಂಬ ಎತ್ತರವಾದಷ್ಟೂ ಅದು ಕೆಳಗಿನಿಂದ ಜೋರಾಗಿ ಎಳೆಯುತ್ತದೆ. ಚಿಮಣಿ ಎತ್ತರ ಮಾಡಬೇಕಿತ್ತು. ಕಬ್ಬಿಣದ ಪೈಪಿನ ರೇಟು ಕೇಳಿ ಸುಮ್ಮನಾದೆವು.

ದಾರಿ ತೋರಿಸಿದ್ದು ಅದೇ ಹಿರಿಯರು. ಮೂಲೆಯಲ್ಲಿ ಬಿದ್ದಿದ್ದ ಖಾಲಿ ಎಣ್ಣೆ ಡಬ್ಬಗಳನ್ನು ತೋರಿಸಿ, ತಳ ಕತ್ತರಿಸಿ ಒಂದರೊಳಗೊಂದು ಕೂರಿಸಿ ಅಂದರು. ಡಂಕರ್ ಹೆಸರು ಅವರು ಕೇಳಿದವರಲ್ಲ. ಎರಡು ಸಲ ಕಳಚಿ ಬಿತ್ತು. ಮೂರನೇ ಸಲ ತಂತಿ ಬಿಗಿದು, ಸಂದಿಗೆ ಮಣ್ಣು ಮೆತ್ತಿದೆವು. ನಿಂತಿತು. ಒಳಗಿನ ಹೊಗೆ ಮೇಲೆ ಹೋಯಿತು, ಹಿರಿಯರು ಕಣ್ಣು ಒರೆಸುವುದು ಕಡಿಮೆಯಾಯಿತು. ಆದರೆ ಸುತ್ತಲಿನ ಮನೆಗಳವರು ಈಗ ಆ ಹೊಗೆ ಕುಡಿಯುತ್ತಿದ್ದರು. ಟೈರ್ ಬದಲು ಅಷ್ಟೇ ಅಗ್ಗದಲ್ಲಿ ಏನು ಉರಿಸಬಹುದು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ನಾವು ಮೊದಲ ದಿನವೇ ಕೇಳಬೇಕಿದ್ದದ್ದು ಅದನ್ನು.