ಪೆಟ್ರೋಲ್ ಅಗ್ಗಕ್ಕೆ ಮಾರಿದರೆ ತಪ್ಪೇ? ವಿಸ್ಕಾನ್ಸಿನ್ ಕಾನೂನಿನ ಟಿಪ್ಪಣಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೆಟ್ರೋಲ್ ಬಂಕ್ ಇಟ್ಟವರು ಮನಸ್ಸಿಗೆ ಬಂದಷ್ಟು ಬೆಲೆ ಇಳಿಸುವಂತಿಲ್ಲ. 1939ರ ‘ಅನ್‌ಫೇರ್ ಸೇಲ್ಸ್ ಆಕ್ಟ್’ ಅಡ್ಡ ಬರುತ್ತದೆ. ಅದು ಆರ್ಥಿಕ ಮಹಾಕುಸಿತದ ಕಾಲ. ದೊಡ್ಡ ಚೈನ್ ಅಂಗಡಿಗಳು ಬೆಲೆ ಮುರಿದು ಊರಿನ ಸಣ್ಣ ವ್ಯಾಪಾರಿಗಳನ್ನು ಮುಳುಗಿಸುತ್ತವೆ ಎಂಬ ಭಯ ಎಲ್ಲೆಲ್ಲೂ ಇತ್ತು. ಈ ಕಾನೂನಿನಲ್ಲಿ ಬೇರೆ ಸರಕಿಗೆ ಇರುವ ನಿಯಮ ಇಷ್ಟೇ: ಅಸಲಿಗಿಂತ ಕಡಿಮೆಗೆ ಮಾರಬೇಡಿ. ಆದರೆ ಪೆಟ್ರೋಲ್, ತಂಬಾಕು, ಮದ್ಯಕ್ಕೆ ಅಸಲಿನ ಮೇಲೆ ಒಂದು ಕನಿಷ್ಠ ಲಾಭಾಂಶವನ್ನೂ ಸೇರಿಸಲೇಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಜಗಳ ಈ ಲೆಕ್ಕದಲ್ಲೇ ಇದೆ.

ಪೆಟ್ರೋಲಿನ ಮುಖ್ಯ ಸೂತ್ರ ಹೀಗಿದೆ. ಹತ್ತಿರದ ಟರ್ಮಿನಲ್‌ನಲ್ಲಿ, ಅಂದರೆ ಟ್ಯಾಂಕರ್‌ಗಳು ಇಂಧನ ತುಂಬಿಸಿಕೊಳ್ಳುವ ಡಿಪೋದಲ್ಲಿ, ಇರುವ ಸರಾಸರಿ ಸಗಟು ಬೆಲೆ ತೆಗೆದುಕೊಳ್ಳಿ. ತೆರಿಗೆ ಕೂಡಿಸಿ, ಸಾಗಾಟದ ಖರ್ಚು ಕೂಡಿಸಿ. ಬಂದ ಮೊತ್ತದ ಮೇಲೆ ಶೇ. 9.18 ಹಾಕಿ. ಈ 9.18 ಎಲ್ಲಿಂದ ಬಂತು? ಸಗಟು ವ್ಯಾಪಾರಿಗೆ ಶೇ. 3, ಚಿಲ್ಲರೆ ವ್ಯಾಪಾರಿಗೆ ಶೇ. 6. ಒಂದರ ಮೇಲೊಂದು ಹಾಕಿ ನೋಡಿ: 1.03 × 1.06 = 1.0918. ಎರಡೂ ಹಂತದ ಲಾಭಾಂಶ ಒಂದೇ ಸಂಖ್ಯೆಯೊಳಗೆ ಕೂತಿದೆ.

ಈಗ ಅದರ ಪರಿಣಾಮ ನೋಡಿ. ಒಂದು ಗ್ಯಾಲನ್‌ಗೆ ಎಲ್ಲಾ ಸೇರಿ 2 ಡಾಲರ್ ಬಿದ್ದರೆ ಲಾಭಾಂಶ ಸುಮಾರು 18 ಸೆಂಟ್ಸ್. 3 ಡಾಲರ್ ಬಿದ್ದರೆ ಸುಮಾರು 28 ಸೆಂಟ್ಸ್. ಪಂಪ್ ಅದೇ, ಕೆಲಸಗಾರರೂ ಅವರೇ, ಆದರೂ ಲಾಭಾಂಶ ಜಾಸ್ತಿ ಆಯ್ತು. ನನಗೆ ಈ ಕಾನೂನಿನಲ್ಲಿ ಸರಿಕಾಣದ ಜಾಗ ಇದೇ. ಅಸಲಿಗಿಂತ ಕಡಿಮೆಗೆ ಮಾರಬೇಡ ಅನ್ನುವುದು ಒಂದು ಮಾತು. ಇಷ್ಟು ಲಾಭ ಇಟ್ಟೇ ಮಾರು ಅನ್ನುವುದು ಬೇರೆಯದೇ ಮಾತು, ಅಲ್ವಾ?

ಒಂದು ವಿನಾಯಿತಿಯೂ ಇದೆ. ರಸ್ತೆಯಾಚೆಯ ಬಂಕ್‌ನವನು ಬೆಲೆ ಇಳಿಸಿದರೆ ನೀವೂ ಆ ಮಟ್ಟಕ್ಕೆ ಇಳಿಸಬಹುದು. ಆದರೆ ಅದೇ ದಿನ ರಾಜ್ಯದ ಕೃಷಿ, ವ್ಯಾಪಾರ ಮತ್ತು ಗ್ರಾಹಕ ರಕ್ಷಣಾ ಇಲಾಖೆಗೆ ತಿಳಿಸಬೇಕು. ನಿಯಮ ಮುರಿದವನ ಮೇಲೆ ಎದುರಾಳಿ ವ್ಯಾಪಾರಿಯೇ ಕೇಸ್ ಹಾಕಬಹುದು. ಆದ ನಷ್ಟದ ಮೂರು ಪಟ್ಟು ಅಥವಾ ದಿನಕ್ಕೆ 2,000 ಡಾಲರ್, ಯಾವುದು ಹೆಚ್ಚೋ ಅಷ್ಟು ಪರಿಹಾರ ಕೇಳಬಹುದು.

ಈ ಕಾನೂನು ಬೇಕೇ ಬೇಕು ಅನ್ನುವವರು ಯಾರು? ಸ್ವತಂತ್ರ ಮಾರಾಟಗಾರರು. ಇವರಿಗೆ ಸ್ವಂತ ರಿಫೈನರಿ ಇಲ್ಲ. ಟರ್ಮಿನಲ್‌ನಲ್ಲಿ ಸಗಟಾಗಿ ಕೊಂಡು, ಟ್ಯಾಂಕರ್‌ನಲ್ಲಿ ತಂದು, ತಮ್ಮ ಬಂಕ್‌ಗಳಲ್ಲಿ ಮಾರುತ್ತಾರೆ, ಬೇರೆಯವರಿಗೂ ಕೊಡುತ್ತಾರೆ. ಅವರ ವಾದ ಹೀಗಿದೆ: ದೊಡ್ಡ ಸೂಪರ್‌ಮಾರ್ಕೆಟ್‌ಗೆ ಪೆಟ್ರೋಲ್ ಬರೀ ಜನರನ್ನು ಕರೆತರುವ ಸರಕು. ಅಲ್ಲಿ ಬಿದ್ದ ನಷ್ಟವನ್ನು ಅದು ಒಳಗಿನ ಸಾಮಾನಿನಲ್ಲಿ ತುಂಬಿಕೊಳ್ಳುತ್ತದೆ. ರಿಫೈನರಿ ಇರುವ ಕಂಪನಿ ತೈಲದ ಲಾಭದಲ್ಲಿ ಬಂಕ್‌ನ ನಷ್ಟ ಸರಿದೂಗಿಸುತ್ತದೆ. ನಮಗೆ ಇಂಥ ಇನ್ನೊಂದು ಜೇಬು ಇಲ್ಲ. ನಾವು ಬಾಗಿಲು ಹಾಕಿದ ಮೇಲೆ ಬೆಲೆ ಏರಿದರೆ ಕೇಳುವವರು ಯಾರು?

ಈ ವಾದವನ್ನು ಸುಮ್ನೆ ತಳ್ಳಿಹಾಕಬಾರದು. ಸಣ್ಣ ಊರಲ್ಲಿ ಇರುವ ಒಂದೋ ಎರಡೋ ಬಂಕ್ ಮುಚ್ಚಿದರೆ ಜನರಿಗೆ ಆಗುವ ಕಷ್ಟ ನಿಜವಾದದ್ದು. ಆದರೆ ಫೆಡರಲ್ ಆಂಟಿಟ್ರಸ್ಟ್ ಕಾನೂನು, ಅಂದರೆ ಸ್ಪರ್ಧೆಯನ್ನು ಕಾಪಾಡುವ ಕೇಂದ್ರದ ಕಾನೂನು, ಇದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. 1993ರ ಬ್ರೂಕ್ ಗ್ರೂಪ್ ಸಿಗರೇಟ್ ಪ್ರಕರಣದಲ್ಲಿ ಎದುರಾಳಿಯನ್ನು ಮುಳುಗಿಸಲು ಬೆಲೆ ಇಳಿಸಿದ್ದು ತಪ್ಪು ಅನ್ನಬೇಕಾದರೆ ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಷರತ್ತು ಇಟ್ಟಿತು. ಬೆಲೆ ಅಸಲಿಗಿಂತ ಕೆಳಗಿರಬೇಕು. ಎದುರಾಳಿ ಹೋದ ಮೇಲೆ ಬೆಲೆ ಏರಿಸಿ ಆ ನಷ್ಟವನ್ನು ವಾಪಸ್ ಗಳಿಸುವ ಸಾಧ್ಯತೆ ಬಲವಾಗಿರಬೇಕು. ಎರಡನೆಯದನ್ನು ಪೆಟ್ರೋಲ್‌ನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ಬೆಲೆ ಏರಿಸಿದ ಕೂಡಲೇ ಮತ್ತೊಬ್ಬರು ಬಂಕ್ ತೆರೆಯಬಹುದಲ್ಲ. ಸ್ಪರ್ಧೆ ಮತ್ತು ಗ್ರಾಹಕರ ಹಿತ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿಯೂ ಇಂಥ ಕಾನೂನುಗಳಿಂದ ಗ್ರಾಹಕರು ಹೆಚ್ಚು ತೆರಬೇಕಾಗಬಹುದು ಎಂದು ಹಲವು ರಾಜ್ಯಗಳಿಗೆ ಪತ್ರ ಬರೆದಿದ್ದಾರೆ.

ಈಗ ಫ್ಲೈಯಿಂಗ್ ಜೆ ಪ್ರಕರಣಕ್ಕೆ ಬರೋಣ. ಇದು ಆಗ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳ ಕಂಪನಿಯಾಗಿತ್ತು. ವಿಸ್ಕಾನ್ಸಿನ್‌ನ ಪೆಟ್ರೋಲ್ ನಿಯಮ ಆಂಟಿಟ್ರಸ್ಟ್ ಕಾನೂನುಗಳಲ್ಲಿ ಒಂದಾದ ಫೆಡರಲ್ ಶೆರ್ಮನ್ ಕಾಯ್ದೆಗೆ ವಿರುದ್ಧ ಎಂದು ಕೋರ್ಟಿಗೆ ಹೋಯಿತು. 2009ರಲ್ಲಿ ಕೆಳಗಿನ ಫೆಡರಲ್ ಕೋರ್ಟ್ ಅದನ್ನು ಒಪ್ಪಿ ನಿಯಮಕ್ಕೆ ತಡೆ ಹಾಕಿತು. ರಾಜ್ಯ ಸರ್ಕಾರ ಮೇಲ್ಮನವಿ ಹಾಕಲಿಲ್ಲ. ಆಗ ಮುಂದೆ ಬಂದದ್ದು ರಾಜ್ಯದ ಪೆಟ್ರೋಲ್ ಮಾರಾಟಗಾರರ ಸಂಘ. ನಮ್ಮನ್ನೂ ಪಕ್ಷಗಾರರಾಗಿ ಸೇರಿಸಿ, ಮೇಲ್ಮನವಿ ನಾವು ಹಾಕುತ್ತೇವೆ ಅಂತ ಕೇಳಿತು. ಕೆಳಗಿನ ಕೋರ್ಟ್ ಒಪ್ಪಲಿಲ್ಲ. ಏಳನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಅವಕಾಶ ಕೊಟ್ಟಿತು. 2010ರಲ್ಲಿ ಅದೇ ಕೋರ್ಟ್ ಕೆಳಗಿನ ತೀರ್ಪನ್ನು ರದ್ದು ಮಾಡಿತು. ಸರ್ಕಾರ ಕೈಬಿಟ್ಟ ಕಾನೂನನ್ನು ವ್ಯಾಪಾರಿಗಳೇ ಉಳಿಸಿಕೊಂಡರು.

ಕೋರ್ಟ್ ಈ ಕಾನೂನು ಒಳ್ಳೆಯದು ಅಂತ ಹೇಳಿತೇ? ಇಲ್ಲ. ಓದುವಾಗ ಇಲ್ಲಿ ಎಡವಬೇಡಿ. ಶೆರ್ಮನ್ ಕಾಯ್ದೆಯ ಮೊದಲ ಸೆಕ್ಷನ್ ತಡೆಯುವುದು ವ್ಯಾಪಾರಿಗಳ ನಡುವಿನ ಒಪ್ಪಂದವನ್ನು. ಇಲ್ಲಿ ಬೆಲೆಗೆ ಕೆಳಮಿತಿ ಹಾಕಿದ್ದು ರಾಜ್ಯ. ವ್ಯಾಪಾರಿಗಳು ಕೂತು ಮಾತಾಡಿಕೊಳ್ಳಬೇಕು ಅಂತ ಕಾನೂನು ಎಲ್ಲೂ ಹೇಳುವುದಿಲ್ಲ. ಒಬ್ಬರ ಬೆಲೆ ನೋಡಿ ಇನ್ನೊಬ್ಬರು ಒಳಒಪ್ಪಂದ ಮಾಡಿಕೊಳ್ಳಬಹುದು ಎಂಬ ಬರೀ ಸಾಧ್ಯತೆ ಸಾಲದು. ಹಾಗಾಗಿ ಫೆಡರಲ್ ಕಾನೂನಿನ ಜತೆ ಸಂಘರ್ಷ ಇಲ್ಲ. ಕಾನೂನು ಬೇಕೋ ಬೇಡವೋ ಅನ್ನುವುದು ಶಾಸನಸಭೆಗೆ ಬಿಟ್ಟ ವಿಷಯವಾಗಿ ಉಳಿಯಿತು.

ಬೇರೆ ರಾಜ್ಯಗಳ ಜತೆ ಇಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಮಿನೆಸೋಟ 2001ರಲ್ಲಿ ತಂದ ನಿಯಮದಲ್ಲಿ ಅಸಲಿನ ಮೇಲೆ ಶೇ. 6 ಅಥವಾ 8 ಸೆಂಟ್ಸ್, ಯಾವುದು ಕಡಿಮೆಯೋ ಅದು. ಬೆಲೆ ಎಷ್ಟೇ ಏರಲಿ, 8 ಸೆಂಟ್ಸ್ ದಾಟುವುದಿಲ್ಲ. ಫ್ಲಾರಿಡಾದ 1985ರ ಕಾಯ್ದೆಯಲ್ಲಿ ಇಂಥ ನಿಗದಿತ ಶೇಕಡಾ ಇಲ್ಲ. ಅಲ್ಲಿ ಅಸಲಿಗಿಂತ ಕೆಳಗೆ ಮಾರಿದ್ದರಿಂದ ಸ್ಪರ್ಧೆಗೆ ಪೆಟ್ಟು ಬಿದ್ದಿದೆ ಅಂತಲೂ ತೋರಿಸಬೇಕು. ಸ್ವತಂತ್ರ ಮಾರಾಟಗಾರರ ಅಳಲು ನ್ಯಾಯವಾದದ್ದು ಅಂತ ಒಪ್ಪಿಕೊಂಡರೂ, ಅದಕ್ಕೆ ಬೇಕಾದ ರಕ್ಷಣೆ ಫ್ಲಾರಿಡಾ ಮಾದರಿಯಲ್ಲೇ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ 2002ರ ಸ್ಪರ್ಧಾ ಕಾಯ್ದೆ ಓದುತ್ತಿರುವವರು ಸೆಕ್ಷನ್ 4 ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿ ಪ್ರಶ್ನೆ ಶುರುವಾಗುವುದೇ ಬೆಲೆ ಇಳಿಸಿದವನು ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿದ್ದಾನೆಯೇ ಎಂಬುದರಿಂದ. ವಿಸ್ಕಾನ್ಸಿನ್‌ನಲ್ಲಿ ಒಂದೇ ಪಂಪ್ ಇರುವವನಿಗೂ ಅದೇ 9.18.